ಕೊನೆಯ ತಿರುವೇ ಥ್ರಿಲ್ಲರ್ ಅಲ್ಲ

ಮಾನ್ಯರೇ,

ಥ್ರಿಲ್ಲರ್ ಚಿತ್ರಗಳ ವಿಮರ್ಶೆಯಲ್ಲಿ ‘ಕೊನೆಯ ತಿರುವು ಅದ್ಭುತ’ ಎಂಬ ಮಾತು ಕಂಡರೆ ಈಗೀಗ ನನಗೆ ಬೇಸರವಾಗುತ್ತದೆ. ನಾನು ವಿಮರ್ಶಕಿಯಲ್ಲ, ಬಿಡುವಿದ್ದಾಗ ಸಿನಿಮಾ ನೋಡಿ, ಮಲಗುವ ಮುನ್ನ ಪತ್ತೇದಾರಿ ಕಾದಂಬರಿಯ ನಾಲ್ಕು ಪುಟ ಓದುವವಳು. ಆದರೂ ಹೇಳಲೇಬೇಕು: ಅಂತ್ಯ ಗೊತ್ತಿದ್ದರೂ ಹಿಡಿದಿಡುವುದೇ ಒಳ್ಳೆಯ ಥ್ರಿಲ್ಲರ್.

ಫ್ರೆಡರಿಕ್ ಫೋರ್ಸೈತ್ ಅವರ ಕಾದಂಬರಿ ‘ದಿ ಡೇ ಆಫ್ ದಿ ಜಾಕಲ್’ 1971ರಲ್ಲಿ ಬಂತು. ಫ್ರಾನ್ಸ್ ಅಧ್ಯಕ್ಷ ಡಿಗಾಲ್ ಅವರನ್ನು ಕೊಲ್ಲುವ ಸಂಚಿನ ಕಥೆ. ಡಿಗಾಲ್ ತೀರಿಕೊಂಡದ್ದು 1970ರಲ್ಲಿ, ಸಹಜ ಸಾವು. ಅಂದರೆ ಹಂತಕ ಸೋಲುತ್ತಾನೆಂದು ಪುಸ್ತಕ ತೆರೆಯುವ ಮೊದಲೇ ಗೊತ್ತು. ಆದರೂ ಅವನು ಸತ್ತ ಮಗುವೊಂದರ ಹೆಸರಲ್ಲಿ ಪಾಸ್‌ಪೋರ್ಟ್ ಪಡೆಯುವುದು, ಊರುಗೋಲಿನೊಳಗೆ ಬಂದೂಕು ಅಡಗಿಸುವುದು, ಇವನ್ನು ಓದುವಾಗ ಎದೆ ಹೊಡೆದುಕೊಳ್ಳುತ್ತದೆ. ಎರಡನೇ ಸಲ ಓದಿದಾಗಲೂ ಹಾಗೇ ಆಯಿತು. 1973ರ ಸಿನಿಮಾ ಕೂಡ ಆ ತಾಳ್ಮೆಯನ್ನು ಬಿಟ್ಟುಕೊಡಲಿಲ್ಲ.

ಹಾಗೆಂದು ಪುಸ್ತಕವೇ ಯಾವಾಗಲೂ ಮೇಲು ಎನ್ನಲಾರೆ. ನರಭಕ್ಷಕ ಶಾರ್ಕ್ ಮೀನಿನ ಕಥೆಯಾದ ‘ಜಾಸ್’ ಕಾದಂಬರಿಯಲ್ಲಿ ಪೊಲೀಸ್ ಅಧಿಕಾರಿಯ ಹೆಂಡತಿಯ ಪ್ರಣಯ ಪ್ರಸಂಗ ಕಥೆಯನ್ನು ಎಳೆದಾಡುತ್ತದೆ. 1975ರ ಚಿತ್ರದಲ್ಲಿ ನಿರ್ದೇಶಕ ಸ್ಪಿಲ್‌ಬರ್ಗ್ ಅದನ್ನು ಕೈಬಿಟ್ಟು, ಶಾರ್ಕನ್ನು ಬಹುಹೊತ್ತು ತೋರಿಸದೆಯೇ ಹೆದರಿಸಿದರು. ಯಾಂತ್ರಿಕ ಶಾರ್ಕ್ ಪದೇ ಪದೇ ಕೆಟ್ಟದ್ದೂ ಅದಕ್ಕೆ ಕಾರಣ. ಆ ತೊಂದರೆಯಿಂದಲೇ ಚಿತ್ರಕ್ಕೆ ಒಳ್ಳೆಯದಾಯಿತು.

ನಿಮ್ಮ ವಿಮರ್ಶಕರಲ್ಲಿ ಒಂದು ವಿನಂತಿ. ಚಿತ್ರದ ಗುಟ್ಟು ಬಿಡಬೇಡಿ, ಸರಿ. ಆದರೆ ಅಂತ್ಯ ಗೊತ್ತಾದ ಮೇಲೂ ಅದನ್ನು ಮತ್ತೊಮ್ಮೆ ನೋಡಬಹುದೇ ಎಂಬುದನ್ನು ಒಂದು ಸಾಲಿನಲ್ಲಾದರೂ ಬರೆಯಿರಿ.

– ಒಬ್ಬ ಓದುಗಿ