ಮಾದಕ ವ್ಯಸನ ತಡೆ: ಮೊದಲು ನಮ್ಮ ಊರಿನ ಲೆಕ್ಕ

ಆತ್ಮೀಯ ಸದಸ್ಯರೇ,

ಮಕ್ಕಳನ್ನು ಮಾದಕ ವಸ್ತುಗಳಿಂದ ದೂರವಿಡಲು ಶಾಲೆಯಲ್ಲಿ ಮತ್ತೊಂದು ಉಪನ್ಯಾಸ ಏರ್ಪಡಿಸುವ ಮೊದಲು, ನಮ್ಮ ಊರಿನ ಸ್ಥಿತಿಯನ್ನು ನಾವೇ ಅಳೆದು ನೋಡಬೇಕೆಂದು ವಿನಂತಿಸುತ್ತೇನೆ.

ಐಸ್‌ಲ್ಯಾಂಡ್ ದೇಶದಲ್ಲಿ 1998ರಲ್ಲಿ, 15-16ರ ವಯಸ್ಸಿನ ಮಕ್ಕಳ ಪೈಕಿ ಶೇ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದಾಗಿ ತಿಳಿಸಿದ್ದರು. 2016ರ ಹೊತ್ತಿಗೆ ಈ ಪ್ರಮಾಣ ಶೇ 5ಕ್ಕೆ ಇಳಿಯಿತು. ಹೆಸರು ಬರೆಯದೆ ಉತ್ತರಿಸುವ ಪ್ರಶ್ನಾವಳಿಯನ್ನು ಶಾಲೆಗಳಲ್ಲಿ ಮತ್ತೆ ಮತ್ತೆ ಕೊಟ್ಟು, ಆಯಾ ಊರಿನ ಫಲಿತಾಂಶವನ್ನು ಆ ಊರಿನವರಿಗೇ ಬೇಗನೆ ತಲುಪಿಸಿದ್ದರಿಂದ, ಮಕ್ಕಳು ತಂದೆತಾಯಿಯರೊಂದಿಗೆ ಎಷ್ಟು ಸಮಯ ಕಳೆಯುತ್ತಾರೆ, ಸಂಜೆ ಆಟಕ್ಕೆ ಹೋಗುತ್ತಾರೆಯೇ, ರಾತ್ರಿ ಎಷ್ಟು ಹೊತ್ತು ಹೊರಗಿರುತ್ತಾರೆ ಎಂಬುದರ ಮೇಲೆ ಎಲ್ಲರ ಗಮನ ಹರಿಯಿತು. ಅಲ್ಲಿನ ಪರಿಹಾರಗಳೇ ನಮಗೆ ಹೊಂದಬೇಕೆಂದಿಲ್ಲ, ಆದರೆ ಕೇಳಿ ತಿಳಿಯುವ ಆ ಕ್ರಮ ನಮಗೂ ಬೇಕು.

ನಮ್ಮಲ್ಲಿ 2003ರ ತಂಬಾಕು ನಿಯಂತ್ರಣ ಕಾಯ್ದೆಯ ಪ್ರಕಾರ ಶಿಕ್ಷಣ ಸಂಸ್ಥೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ಅಂಥ ಅಂಗಡಿಗಳು ಎಷ್ಟಿವೆ, ಯಾವ ತರಗತಿಯಲ್ಲಿ ಮಕ್ಕಳು ಶಾಲೆ ಬಿಡುತ್ತಿದ್ದಾರೆ, ಸಂಜೆ ದೀಪವಿಲ್ಲದ ಜಾಗಗಳು ಯಾವುವು ಎಂಬುದನ್ನು ಮೊದಲು ಎಣಿಸೋಣ. ಮಕ್ಕಳಿಗೆ ಪ್ರಶ್ನಾವಳಿ ಕೊಡುವುದಾದರೆ ಮುಖ್ಯೋಪಾಧ್ಯಾಯರ ಹಾಗೂ ಪೋಷಕರ ಒಪ್ಪಿಗೆ ಪಡೆದೇ ಕೊಡಬೇಕು.

ಯಾವುದೇ ಮಗುವಿನ ಹೆಸರನ್ನಾಗಲಿ ಫೋಟೋವನ್ನಾಗಲಿ ದಯವಿಟ್ಟು ಇಲ್ಲಿ ಹಾಕಬೇಡಿ. ಒಮ್ಮೆ ಅಂಟಿದ ಕಳಂಕದಿಂದ ಆ ಮಗು ಸಹಾಯ ಕೇಳುವುದನ್ನೇ ನಿಲ್ಲಿಸಬಹುದು. ಈಗಲೇ ನೆರವು ಬೇಕಾದ ಕುಟುಂಬದವರು ವ್ಯಸನಮುಕ್ತಿಯ ರಾಷ್ಟ್ರೀಯ ಉಚಿತ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಅಂಗಡಿಗಳ ಎಣಿಕೆಗೆ ಬರಲು ಸಿದ್ಧರಿರುವವರು ತಮ್ಮ ಬೀದಿಯ ಹೆಸರನ್ನು ಈ ಸಂದೇಶದ ಕೆಳಗೆ ಬರೆಯಬೇಕಾಗಿ ಕೋರುತ್ತೇನೆ.