ಎರಡು ಗಂಟೆ ಎಂಗೇಜ್ ಬಂದ ಫೋನಿನ ವಿಚಾರ

ನೇಪರ್‌ವಿಲ್, ಇಲಿನಾಯ್
8 ಮೇ 2004, ಶನಿವಾರ

ತೀರ್ಥರೂಪು ಅಪ್ಪನವರ ಪಾದಗಳಿಗೆ ರಘುವಿನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಅಮ್ಮನಿಗೂ ಸುಮಕ್ಕನಿಗೂ ನಮಸ್ಕಾರ, ಶ್ರೀಧರನಿಗೂ ಮಕ್ಕಳಿಗೂ ಆಶೀರ್ವಾದ.

ಏಪ್ರಿಲ್ 23ರಂದು ತಾವು ಬರೆದ ಕಾಗದ ಮೊನ್ನೆ ಗುರುವಾರ ಕೈಸೇರಿತು. ನಮ್ಮ ಫೋನ್ ಎರಡು ಗಂಟೆ ಎಂಗೇಜ್ ಬಂದದ್ದೇಕೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ, ಬಿಲ್ ಕಟ್ಟದೆ ಲೈನ್ ಕಿತ್ತರೇ, ಅಷ್ಟು ಹೊತ್ತು ಮಾತನಾಡಿದ್ದಕ್ಕೆ ಎಷ್ಟು ಡಾಲರ್ ತೆತ್ತೆವು ಎಂಬ ವಿಚಾರಣೆಗೇ ತಾವು ಒಂದೂವರೆ ಪುಟ ಕೊಟ್ಟಿದ್ದೀರಿ. ತಮ್ಮ ಎದೆನೋವಿನ ಸಮಾಚಾರ ಮಾತ್ರ ‘ಸ್ವಲ್ಪ ವಾಯು’ ಎಂಬ ಎರಡು ಪದಗಳಲ್ಲಿ ಮುಗಿದಿದೆ. ಅದೇ ಲಕೋಟೆಯಲ್ಲಿ ಶ್ರೀಧರ ಒಂದು ಚೀಟಿ ಮಡಚಿಟ್ಟಿದ್ದನೆಂಬುದು ತಮಗೆ ತಿಳಿದಿರಲಾರದು. ಫೋನಿನಲ್ಲಿ ವಿಚಾರಿಸಿದಾಗಲೆಲ್ಲ ‘ಆರಾಮಾಗಿದ್ದೇನೆ’ ಎಂದು ರಿಸೀವರನ್ನು ಅಮ್ಮನ ಕೈಗೆ ದಾಟಿಸಿಬಿಡುತ್ತೀರಿ. ಆದ್ದರಿಂದ ಎಲ್ಲವನ್ನೂ ಕಾಗದದಲ್ಲೇ ಬರೆಯುತ್ತಿದ್ದೇನೆ.

ಮೊದಲು ಬಿಲ್ಲಿನ ಮಾತು. ಆ ಎರಡು ಗಂಟೆಗೆ ಒಂದು ಸೆಂಟೂ ಖರ್ಚಾಗಿಲ್ಲ, ಏಕೆಂದರೆ ಪುಟ್ಟಿ ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಆಕೆ ಮತ ಹಾಕುತ್ತಿದ್ದಳು. ಇಲ್ಲಿ ‘ಅಮೆರಿಕನ್ ಐಡಲ್’ ಎಂಬ ಹಾಡುಗಾರಿಕೆಯ ಸ್ಪರ್ಧೆ 2002ರಿಂದ ಟಿವಿಯಲ್ಲಿ ಬರುತ್ತಿದೆ. ಮಂಗಳವಾರ ರಾತ್ರಿ ಸ್ಪರ್ಧಿಗಳು ಹಾಡುತ್ತಾರೆ, ತೀರ್ಪುಗಾರರು ಹೊಗಳುವುದೋ ಹೀಗಳೆಯುವುದೋ ಮಾಡುತ್ತಾರೆ, ಆದರೆ ಉಳಿಸುವ ಅಧಿಕಾರ ಇರುವುದು ನೋಡುವ ಜನಕ್ಕೆ. ಒಬ್ಬೊಬ್ಬ ಸ್ಪರ್ಧಿಗೆ ಒಂದೊಂದು ಉಚಿತ ಸಂಖ್ಯೆ. ಕಾರ್ಯಕ್ರಮ ಮುಗಿದ ಮೇಲೆ ಎರಡು ಗಂಟೆಯೊಳಗೆ ಆ ಸಂಖ್ಯೆಗೆ ಫೋನ್ ಮಾಡಬೇಕು, ತಗುಲಿದರೆ ಧನ್ಯವಾದ ಹೇಳುವ ಧ್ವನಿಮುದ್ರಿಕೆ ಕೇಳುತ್ತದೆ, ಮತ ಬಿತ್ತೆಂದು ಲೆಕ್ಕ. ಕಡಿಮೆ ಮತ ಬಂದವರು ಬುಧವಾರ ಮನೆಗೆ. ನಮ್ಮಲ್ಲಿಯಂತೆ ಒಬ್ಬರಿಗೆ ಒಂದೇ ಮತ ಎಂಬ ನಿಯಮವಿಲ್ಲ, ಬೆರಳಿಗೆ ಶಾಯಿಯೂ ಇಲ್ಲ. ತಾಳ್ಮೆ ಇದ್ದಷ್ಟು ಸಲ ಹಾಕಬಹುದು. ಏಪ್ರಿಲ್ 20ರಂದು ಕರ್ನಾಟಕದಲ್ಲಿ ಜನ ಬಿಸಿಲಲ್ಲಿ ಸಾಲು ನಿಂತು ಯಂತ್ರದ ಗುಂಡಿ ಒಂದು ಸಲ ಒತ್ತಿ ಬಂದ ದಿನವೇ, ತಮ್ಮ ಮೊಮ್ಮಗಳು ಇಲ್ಲಿ ನೆಲದ ಮೇಲೆ ಕುಳಿತು ರೀಡಯಲ್ ಗುಂಡಿಯನ್ನು ಮುನ್ನೂರಕ್ಕೂ ಹೆಚ್ಚು ಸಲ ಒತ್ತಿದಳು ಎಂದರೆ ತಮಗೆ ನಗು ಬಂದೀತು.

ಮೂವತ್ತೆರಡು ವರ್ಷ ಶಿವಮೊಗ್ಗದ ಟ್ರಂಕ್ ಬೋರ್ಡಿನ ಮುಂದೆ ಕುಳಿತು ಪರವೂರಿನ ಕರೆಗಳನ್ನು ಕೈಯಿಂದ ಜೋಡಿಸಿದವರಿಗೆ ಲೈನ್ ಸಿಗದ ಸಂಕಟವನ್ನು ನಾನು ವಿವರಿಸಬೇಕಾಗಿಲ್ಲ, ಆದರೂ ಈ ದೇಶದಲ್ಲೂ ಅದೇ ಅವಸ್ಥೆಯೇ ಎಂದು ತಾವು ಕೇಳಿದ್ದರಿಂದ ಬರೆಯುತ್ತೇನೆ. ಇಲ್ಲಿ ಎಂಗೇಜ್ ಟೋನಿನಲ್ಲಿ ಎರಡು ಬಗೆ. ಆ ಕಡೆಯ ಫೋನಿನಲ್ಲಿ ಯಾರಾದರೂ ಮಾತನಾಡುತ್ತಿದ್ದರೆ ನಿಮಿಷಕ್ಕೆ 60 ಸಲ ಬಡಿಯುವ ನಿಧಾನದ ಟೋನು. ಮಧ್ಯದ ಸರ್ಕ್ಯೂಟುಗಳೇ ಖಾಲಿ ಇಲ್ಲದಿದ್ದರೆ ನಿಮಿಷಕ್ಕೆ 120 ಸಲ ಬಡಿಯುವ ಅವಸರದ ಟೋನು. ಪುಟ್ಟಿಗೆ ಆ ರಾತ್ರಿ ಬಂದದ್ದು ಬಹುಪಾಲು ಎರಡನೆಯದು. ಅಂದರೆ ಅವಳ ಕರೆ ಮತ ಎಣಿಸುವ ಯಂತ್ರದ ಹತ್ತಿರಕ್ಕೂ ಸುಳಿಯದೆ ದಾರಿಯಲ್ಲೇ ಸಾಯುತ್ತಿತ್ತು. ಎಕ್ಸ್‌ಚೇಂಜಿನಿಂದ ಹೊರಡುವ ಸರ್ಕ್ಯೂಟುಗಳನ್ನು ದಿನನಿತ್ಯದ ಮಾತುಕತೆಗೆ ಸಾಕಾಗುವಷ್ಟು ಲೆಕ್ಕ ಹಾಕಿ ಇಟ್ಟಿರುತ್ತಾರೆಯೇ ಹೊರತು, ಗಂಟೆ ಎಂಟು ಹೊಡೆದ ಕೂಡಲೇ ಊರಿಗೆ ಊರೇ ರಿಸೀವರ್ ಎತ್ತುವುದಕ್ಕಲ್ಲ. ಮೇಲಾಗಿ, ಬೆಂಕಿ ಬಿದ್ದರೆ, ಅಪಘಾತವಾದರೆ ಜನ ಕರೆಯುವ 911ಕ್ಕೆ ಅಡ್ಡಿಯಾಗಬಾರದೆಂದು, ಇಂಥ ಸಂಖ್ಯೆಗಳಿಗೆ ನುಗ್ಗುವ ಕರೆಗಳನ್ನು ಹತ್ತಿರದ ಎಕ್ಸ್‌ಚೇಂಜಿನಲ್ಲಿಯೇ ಬೇಕೆಂದೇ ತಡೆಯುವ ಏರ್ಪಾಟೂ ಉಂಟು. ಆಗುಂಬೆಯ ಮಳೆಗೆ ತಂತಿ ಹರಿದು ಬಿದ್ದಾಗ ತಾವು ಸಾವಿನ ಸುದ್ದಿಯ ಕಾಲ್‌ಗಳನ್ನು ಮುಂದೆ ಬಿಟ್ಟು ಅಡಿಕೆ ಮಂಡಿಯವರ ಕಾಲ್‌ಗಳನ್ನು ಹಿಂದೆ ಕೂರಿಸುತ್ತಿದ್ದಿರಲ್ಲ, ಇದೂ ಹೆಚ್ಚು ಕಡಿಮೆ ಅದೇ ನ್ಯಾಯ, ಮಾಡುವುದು ಯಂತ್ರ ಎಂಬುದಷ್ಟೇ ವ್ಯತ್ಯಾಸ.

ಇದರಿಂದಾಗುವ ಅನ್ಯಾಯವೂ ಸಣ್ಣದಲ್ಲ. ಕಳೆದ ವರ್ಷದ ಅಂತಿಮ ಸುತ್ತಿನಲ್ಲಿ ಸುಮಾರು 2 ಕೋಟಿ 40 ಲಕ್ಷ ಮತಗಳು ಬಿದ್ದು, ರೂಬೆನ್ ಸ್ಟಡರ್ಡ್ ಎಂಬವನು ಕ್ಲೇ ಏಕನ್ ಎಂಬವನನ್ನು ಸುಮಾರು 1 ಲಕ್ಷ 34 ಸಾವಿರ ಮತಗಳಿಂದ ಸೋಲಿಸಿದ. ಲೈನೇ ಸಿಗದವರ ಕರೆಗಳು ಆ ಅಂತರವನ್ನು ನುಂಗಿ ನೀರು ಕುಡಿಯುವಷ್ಟು ಇದ್ದವೆಂದು ಸೋತವನ ಕಡೆಯವರು ಇಂದಿಗೂ ಜಗಳ ಬಿಟ್ಟಿಲ್ಲ. ಎಟಿ ಅಂಡ್ ಟಿ ವೈರ್‌ಲೆಸ್‌ನ ಮೊಬೈಲ್ ಇದ್ದವರು ಎಸ್ಸೆಮ್ಮೆಸ್ ಕಳಿಸಿಯೂ ಮತ ಹಾಕಬಹುದು. ನಮ್ಮ ಮೊಬೈಲ್ ಬೇರೆ ಕಂಪನಿಯದು. ಹವಾಯಿ ದ್ವೀಪಗಳ ಜಾಸ್ಮಿನ್ ಟ್ರಯಾಸ್ ಎಂಬ ಹುಡುಗಿ ಇನ್ನೂ ಉಳಿದುಕೊಂಡಿರುವುದಕ್ಕೆ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಐದು ಗಂಟೆ ಹಿಂದಿರುವುದೇ ಕಾರಣವೆಂದು ಹಲವರ ಮಾತು. ಹನ್ನೆರಡು ಲಕ್ಷ ಜನರ ರಾಜ್ಯ, ನಾವೆಲ್ಲ ಮಲಗಿದ ಮೇಲೆ ಅವರ ಸರದಿ, ಲೈನುಗಳೆಲ್ಲ ಖಾಲಿ. ನಮ್ಮ ರಾತ್ರಿ ದರದ ಎಸ್‌ಟಿಡಿಯ ನೆನಪಾಗುತ್ತದೆ.

ಆ ಮಂಗಳವಾರ ಇಲ್ಲಿ ಸುಂಟರಗಾಳಿಯ ದಿನ. ಯೂಟಿಕಾ ಎಂಬ ಊರಿನಲ್ಲಿ ಕಟ್ಟಡ ಕುಸಿದು ಎಂಟು ಜನ ಹೋದರು. ಅದು ನಮ್ಮಿಂದ ಬಹಳ ದೂರ, ಅಮ್ಮನಿಗೆ ಇದನ್ನು ಓದಿ ಹೇಳುವುದು ಬೇಡ. ನಮ್ಮಲ್ಲಿ ಕರೆಂಟ್ ಹೋಯಿತು, ಅಷ್ಟೇ. ಪುಟ್ಟಿ ಮೆಚ್ಚಿದ್ದು ಜೆನಿಫರ್ ಹಡ್ಸನ್ ಎಂಬ ಶಿಕಾಗೋದ ಹುಡುಗಿಯನ್ನು. ‘ನಮ್ಮೂರ ಹುಡುಗಿ’ ಎನ್ನುತ್ತಾಳೆ, ಕೇಳಿದಾಗ ನನಗೆ ಒಂದು ಕ್ಷಣ ಕಸಿವಿಸಿಯಾದದ್ದು ನಿಜ. ಆಕೆ ಹಾಡಿ ಮುಗಿಸಿದ್ದಳು, ಸಂಖ್ಯೆ ಇವಳಿಗೆ ಬಾಯಿಪಾಠವಾಗಿತ್ತು, ಟಿವಿ ಆರಿತು. ಕಾರ್ಡ್‌ಲೆಸ್ ಫೋನಿಗೂ ಕರೆಂಟ್ ಬೇಕಲ್ಲ, ಅದೂ ಸತ್ತಿತು. ಹಳೆಯ ವಯರಿನ ಫೋನ್ ಒಂದಿರಲಿ ಎಂದು ತಾವು ಬಂದಾಗ ಹಟ ಹಿಡಿದು ಎರಡು ಡಾಲರಿಗೆ ಕೊಡಿಸಿದ್ದಿರಿ. ಅದನ್ನೇ ದೇವರ ದೀಪದ ಬೆಳಕಿಗೆ ಎಳೆದುಕೊಂಡು, ಹಾಲಿನ ಬಿಲ್ಲಿನ ಹಿಂದೆ ನಾಲ್ಕು ಗೆರೆಗೊಂದು ಅಡ್ಡಗೆರೆ ಎಳೆಯುತ್ತ ಎಂಟರಿಂದ ಹತ್ತರವರೆಗೆ ಕುಳಿತಳು. ತಗುಲಿದ್ದು ಹನ್ನೊಂದು ಸಲ. ಮರುದಿನ ಫ್ಯಾಂಟೇಸಿಯಾ, ಲಟೋಯಾ ಲಂಡನ್, ಜೆನಿಫರ್, ಈ ಮೂವರು ಒಳ್ಳೆಯ ಹಾಡುಗಾರ್ತಿಯರೇ ಕೊನೆಯ ಮೂರು ಸ್ಥಾನದಲ್ಲಿ ನಿಂತು, ಜೆನಿಫರ್ ಹೊರಬಿದ್ದಳು. ಮೂವರೂ ಕಪ್ಪು ಜನಾಂಗದವರಾದ್ದರಿಂದ ಮತದಾನದಲ್ಲಿ ವರ್ಣಭೇದವಿದೆಯೆಂದು ಇಂಗ್ಲೆಂಡಿನ ಎಲ್ಟನ್ ಜಾನ್ ಅವರಂಥ ದೊಡ್ಡ ಗಾಯಕರೇ ಹೇಳಿ ಗದ್ದಲವಾಗಿದೆ. ಬಿರುಗಾಳಿಯಿಂದ ಮತ ಹಾಕಲಾಗಲಿಲ್ಲ ಎನ್ನುವವರೂ ಇದ್ದಾರೆ. ಎರಡೂ ಇರಬಹುದೆಂದು ನನಗೆ ತೋರುತ್ತದೆ.

ಆದರೆ ನಮ್ಮ ಎಂಟರಿಂದ ಹತ್ತು ಎಂದರೆ ತಮ್ಮ ಬುಧವಾರ ಬೆಳಗಿನ ಆರೂವರೆಯಿಂದ ಎಂಟೂವರೆ. ಶ್ರೀಧರನ ಚೀಟಿಯಲ್ಲಿ ಇರುವುದು ಅದೇ ಹೊತ್ತು. ಐದೂಮುಕ್ಕಾಲಿಗೆ ತಮಗೆ ಎದೆ ಹಿಂಡಿ ಬೆವರು ಕಿತ್ತಿತೆಂದೂ, ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ ಮೇಲೆ ಎದುರಿನ ಬೂತಿನಿಂದ ನನಗೆ ಏಳು ಸಲ ಪ್ರಯತ್ನಿಸಿದನೆಂದೂ, ಪಕ್ಕದಲ್ಲಿ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳೆಂದೂ ಬರೆದಿದ್ದಾನೆ. ಅವನು ಡಯಲ್ ಮಾಡಿದ ಒಂದೊಂದು ಸಲವೂ ಪುಟ್ಟಿಯ ಕೈಯಲ್ಲಿ ರಿಸೀವರಿತ್ತು. ನಾನು ಪಕ್ಕದಲ್ಲೇ ಕುಳಿತು ಗೆರೆ ಎಣಿಸಿಕೊಡುತ್ತಿದ್ದೆ ಅಪ್ಪ. ತಿಂಗಳಿಗೆ ನಾಲ್ಕೈದು ಡಾಲರ್ ಉಳಿಯಲಿ ಎಂದು ಕಾಲ್ ವೇಟಿಂಗ್ ಹಾಕಿಸಿರಲಿಲ್ಲ, ಮೊಬೈಲ್ ಕಾರಿನಲ್ಲೇ ಬಿದ್ದಿತ್ತು. ಪುಟ್ಟಿಗೆ ಈ ಹೊತ್ತಿನ ಲೆಕ್ಕವನ್ನು ಹೇಳಿಲ್ಲ, ತಾವೂ ದಯವಿಟ್ಟು ಹೇಳಬೇಡಿ.

ಇ.ಸಿ.ಜಿ.ಯಲ್ಲಿ ವ್ಯತ್ಯಾಸ ಕಂಡಿರುವುದರಿಂದ ಬೆಂಗಳೂರಿಗೆ ಹೋಗಿ ಆಂಜಿಯೋಗ್ರಾಮ್ ಮಾಡಿಸಿ ಎಂದು ಡಾಕ್ಟರು ಬರೆದುಕೊಟ್ಟ ಕಾಗದವನ್ನು ತಾವು ಪಂಚಾಂಗದೊಳಗೆ ಇಟ್ಟು, ಚುನಾವಣೆಯ ಎಣಿಕೆ ಮುಗಿಯಲಿ, ಮಳೆಗಾಲ ಕಳೆಯಲಿ ಎನ್ನುತ್ತಿದ್ದೀರಂತೆ. ಎಣಿಕೆ ಇದೇ 13ಕ್ಕೆ, ಅದಕ್ಕೆ ತಾವು ಟಿವಿಯ ಮುಂದೆ ಇರಬೇಕಾದ ಅಗತ್ಯವೇನೂ ಇಲ್ಲ. ಅದು ದೊಡ್ಡ ಚಿಕಿತ್ಸೆಯಲ್ಲ, ಬರೀ ಪರೀಕ್ಷೆ. ಸಣ್ಣ ನಳಿಗೆ ಹಾಕಿ ಬಣ್ಣದ ದ್ರವ ಬಿಟ್ಟು ರಕ್ತನಾಳದಲ್ಲಿ ತಡೆ ಎಲ್ಲಿದೆ ಎಂದು ನೋಡುತ್ತಾರೆ. ಯಾವ ಸರ್ಕ್ಯೂಟ್ ಕೆಟ್ಟಿದೆ ಎಂದು ತಿಳಿಯದೆ ತಾವು ಎಂದಾದರೂ ಸುಮ್ಮನೆ ಕುಳಿತಿದ್ದುಂಟೇ? ಹಣದ ಯೋಚನೆ ಖಂಡಿತ ಬೇಡ. ಶ್ರೀಧರನ ಖಾತೆಗೆ ನಿನ್ನೆಯೇ ಕಳಿಸಿದ್ದೇನೆ, ಬೇಕಾದರೆ ಇನ್ನೂ ಕಳಿಸುತ್ತೇನೆ. ನಮಗೆ ಇಲ್ಲಿ ಯಾವ ತೊಂದರೆಯೂ ಇಲ್ಲ, ಕೆಲಸ ಗಟ್ಟಿಯಾಗಿದೆ, ಆರೋಗ್ಯ ಚೆನ್ನಾಗಿದೆ, ಮನೆಯ ಕಂತೂ ಸರಿಯಾಗಿ ಹೋಗುತ್ತಿದೆ, ಯಾವುದಕ್ಕೂ ಕಷ್ಟವಿಲ್ಲ. ತಾವು ಹೂಂ ಅಂದರೆ ಜೂನಿನಲ್ಲಿ ನಾನೇ ಬರುತ್ತೇನೆ, ಹೂಂ ಅನ್ನದಿದ್ದರೂ ಬರುತ್ತೇನೆ.

ಕಾಲ್ ವೇಟಿಂಗ್ ಸೋಮವಾರದಿಂದ ಬರಲಿದೆ. ಮಂಗಳವಾರ ರಾತ್ರಿ ಮೊಬೈಲ್ ನನ್ನ ಜೇಬಿನಲ್ಲೇ ಇರುತ್ತದೆ. ಪುಟ್ಟಿ ಈಗ ಫ್ಯಾಂಟೇಸಿಯಾಳ ಕಡೆ ಸೇರಿದ್ದಾಳೆ, ಇದೇ 26ಕ್ಕೆ ಎಲ್ಲ ಮುಗಿಯುತ್ತದೆ. ಅಲ್ಲಿಯವರೆಗೆ ಅರ್ಧ ಗಂಟೆಗಿಂತ ಹೆಚ್ಚು ಒತ್ತುವಂತಿಲ್ಲ ಎಂದು ಹೇಳಿದ್ದೇನೆ, ಒಪ್ಪಿದ್ದಾಳೆ.

ಶನಿವಾರವಾದ್ದರಿಂದ ಅಂಚೆಯವರು ಮಧ್ಯಾಹ್ನವೇ ಡಬ್ಬಿ ತೆಗೆಯುತ್ತಾರೆ, ಇನ್ನು ಹತ್ತು ನಿಮಿಷವಿದೆ. ಮಾತ್ರೆ ತಪ್ಪಿಸಬೇಡಿ. ಉಪ್ಪಿನಕಾಯಿ ಬೇಡ. ಅಮ್ಮನಿಗೆ ಬೇರೆ ಬರೆಯುತ್ತೇನೆ.

ತಮ್ಮ ಆಜ್ಞಾಧಾರಕ ಮಗ,
ರಘು

ಮತ್ತೆ: ಬೆಂಗಳೂರಿಗೆ ಹೊರಡುವ ದಿನ ಗೊತ್ತಾದ ಕೂಡಲೇ ಶ್ರೀಧರ ಮೊಬೈಲಿಗೇ ಮಾಡಲಿ, ನಡುರಾತ್ರಿಯಾದರೂ ಸರಿ.