ಹೆಸರು ಗೊತ್ತಿಲ್ಲದ ಆ ಅಕ್ಕಂಗೆ ಥ್ಯಾಂಕ್ಸ್
ಹೋದ ತಿಂಗಳು ಚರ್ಚ್ ಟೀಮ್ ಜೊತೆ 5 ದಿನದ ಮಿಷನ್ ಟ್ರಿಪ್‌ಗೆ (ಬೇರೆ ಕಡೆ ಹೋಗಿ ಯೇಸುಸ್ವಾಮಿ ಬಗ್ಗೆ ಹೇಳೋ ಪ್ರಯಾಣ) ಹೋಗಿದ್ದೆ, ನಂಗೆ ಇದೇ ಮೊದಲ್ನೇ ಸಲ. ಎರಡನೇ ದಿನ ಅಲ್ಲಿನ ಸಭೆ ಮುಂದೆ ಸಾಕ್ಷಿ ಹೇಳೋಕೆ, ಅಂದ್ರೆ ದೇವ್ರು ನನ್ನ ಬದುಕಲ್ಲಿ ಏನು ಮಾಡಿದ್ರು ಅಂತ ಹೇಳೋಕೆ, ನನ್ನ ನಿಲ್ಲಿಸಿದ್ರು, ಬರ್ಕೊಂಡಿದ್ದ ಚೀಟಿ ಕೈಯಲ್ಲಿ ನಡುಗ್ತಾ ಇದೆ, ಬಾಯಿಂದ ಮಾತೇ ಹೊರಡ್ತಿಲ್ಲ, ಆಗ ಮುಂದಿನ ಸಾಲಲ್ಲಿ ಕೂತಿದ್ದ ಆ ಸಭೆಯ ಅಕ್ಕ ಒಬ್ರು ಎದ್ದು ಬಂದು ಪಕ್ಕದಲ್ಲಿ ನಿಂತು, ಚೀಟಿ ಮಡಚಿ ನನ್ನ ಕೈಗೇ ಇಟ್ಟು, "ಓದ್ಬೇಡಮ್ಮ, ನಂಗೆ ಹೇಳು, ನಾನು ಅವರಿಗೆ ಹೇಳ್ತೀನಿ" ಅಂದ್ರು. ಒಂದೊಂದೇ ವಾಕ್ಯ ಹೇಳ್ದೆ, ಅವ್ರು ತಮ್ಮ ಭಾಷೇಲಿ ಹೇಳ್ತಾ ಹೋದ್ರು, ನಾನು ಅತ್ತಾಗ ಬೆನ್ನ ಮೇಲೆ ಕೈ ಇಟ್ಕೊಂಡು ಸುಮ್ನೆ ಕಾದ್ರು. ಯೇಸುಸ್ವಾಮಿ ಶಿಷ್ಯರನ್ನ ಇಬ್ಬಿಬ್ಬರಾಗಿ ಯಾಕೆ ಕಳಿಸಿದ್ರು ಅಂತ ಅವತ್ತು ಅರ್ಥ ಆಯ್ತು ನಂಗೆ. ಹೊರಡೋ ಗಡಿಬಿಡೀಲಿ ಹೆಸರೂ ಕೇಳ್ಲಿಲ್ಲ. ಅಕ್ಕಾ, ತುಂಬಾ ತುಂಬಾ ಥ್ಯಾಂಕ್ಸ್, ದಿನಾ ಪ್ರಾರ್ಥನೇಲಿ ನಿಮ್ಮನ್ನ ನೆನೆಸ್ಕೋತೀನಿ.